ಮೈಗೆ ಹತ್ತದ ಊಟ

ನಮ್ಮ ಮನೆಯಲ್ಲಿ ಆಲೂಗಡ್ಡೆ ಮೂಟೆ ತೂಗುವ ಕಾಟಾದಲ್ಲೇ ನನ್ನನ್ನೂ ತೂಗುತ್ತಿದ್ದರು. ಹಿತ್ತಿಲ ಕೊಟ್ಟಿಗೆಯ ತೊಲೆಗೆ ಅಪ್ಪ ಅದನ್ನು ನೇತುಹಾಕಿದ್ದ. ಕೆಳಗಿನ ಕೊಕ್ಕೆಯನ್ನು ಎರಡೂ ಕೈಯಲ್ಲಿ ಹಿಡಿದು ನಾನು ಜೋತುಬೀಳಬೇಕು, ಅಪ್ಪ ಕಣ್ಣು ಕಿರಿದು ಮಾಡಿ ಮುಳ್ಳು ನೋಡಬೇಕು, ಚಿಕ್ಕಮ್ಮ ಬಾಗಿಲಲ್ಲಿ ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕಾಯಬೇಕು. ಪ್ರತಿ ಸೋಮವಾರ ಸ್ಕೂಲಿಗೆ ಹೊರಡುವ ಮುಂಚೆ ಇದು ತಪ್ಪದೆ ನಡೆಯುತ್ತಿತ್ತು. ತೊಂದರೆಯೆಂದರೆ ಒಂಬತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ನಾನು ಎಷ್ಟು ಉದ್ದವಾಗಿದ್ದೆನೆಂದರೆ, ಜೋತುಬಿದ್ದರೂ ಕಾಲು ನೆಲಕ್ಕೆ ತಾಗುತ್ತಿತ್ತು.

“ಕಾಲು ಮಡಚೋ. ನೆಲದ ಮೇಲೆ ನಿಂತ್ಕೊಂಡು ತೂಕ ತೋರ್ಸು ಅಂದ್ರೆ ಎಲ್ಲಿಂದ ತೋರ್ಸುತ್ತೆ?” ಎಂದು ಅಪ್ಪ ಗದರುತ್ತಿದ್ದ.

ಮಡಚುತ್ತಿದ್ದೆ.

“ನಲವತ್ತೊಂದು.”

“ಸರಿಯಾಗಿ ನೋಡಿ. ಅರ್ಧ ಕೇಜಿನೂ ಜಾಸ್ತಿ ಇಲ್ವಾ?” ಎಂದು ಚಿಕ್ಕಮ್ಮ ಕೇಳುತ್ತಿದ್ದಳು.

“ನಾನೇನು ಮಂಡಿ ಸಾಹುಕಾರನಾ, ತೂಕದಲ್ಲಿ ಮೋಸ ಮಾಡೋಕೆ? ನಲವತ್ತೊಂದು ಅಂದ್ರೆ ನಲವತ್ತೊಂದೇ.”

ತಿನ್ನುತ್ತಿರಲಿಲ್ಲವೇ ಎಂದರೆ, ತಿನ್ನುತ್ತಿದ್ದೆ. ನಂದಗುಡಿ ಹೋಬಳಿಯ ನಮ್ಮ ಆ ಸಣ್ಣ ಊರಿನಲ್ಲಿ ನನ್ನಷ್ಟು ತಿನ್ನುವ ಇನ್ನೊಬ್ಬ ಹುಡುಗ ಇರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಬೆಲ್ಲ, ತುಪ್ಪ ಹಾಕಿದ ರಾಗಿ ಗಂಜಿ. ಅದಾದ ಮೇಲೆ ರೊಟ್ಟಿ, ಎರಡು ನಾಟಿ ಕೋಳಿ ಮೊಟ್ಟೆ. ಸ್ಕೂಲ್ ಬ್ಯಾಗಿನಲ್ಲಿ ಹುರಿದ ಕಡಲೆಬೀಜ, ಡಬ್ಬಿ ತುಂಬ ಅನ್ನ. ಸಂಜೆ ಹಾಲು, ಬಾಳೆಹಣ್ಣು. ರಾತ್ರಿ ಎರಡು ಮುದ್ದೆ. ಮುದ್ದೆಯೆಂದರೆ ಈಗ ಹೊಸಕೋಟೆಯ ಹೋಟೆಲುಗಳಲ್ಲಿ ಫೋಟೋ ತೆಗೆಯಲೆಂದು ಕೊಡುವ ಪುಟಾಣಿ ಉಂಡೆಯಲ್ಲ, ಎರಡೂ ಕೈ ತುಂಬುವಂಥದ್ದು. ಇಷ್ಟೆಲ್ಲ ಒಳಗೆ ಹೋಗಿ ಏನಾಗುತ್ತಿತ್ತೋ ದೇವರೇ ಬಲ್ಲ. ಪ್ಯಾಂಟು ಪ್ರತಿ ಆರು ತಿಂಗಳಿಗೆ ಮೊಣಕಾಲಿನ ಕಡೆಗೆ ಏರುತ್ತಿತ್ತು, ಸೊಂಟ ಮಾತ್ರ ಐದನೇ ಕ್ಲಾಸಿನಲ್ಲಿ ಇದ್ದಲ್ಲೇ ಇತ್ತು. ಹೊಸಕೋಟೆಯ ಡಾಕ್ಟರೊಬ್ಬರು ನನ್ನ ನಾಲಿಗೆ, ಕಣ್ಣು, ಉಗುರು ಎಲ್ಲ ನೋಡಿ, ಜಂತುಹುಳುವಿನ ಮಾತ್ರೆ ಬರೆದುಕೊಟ್ಟು, “ಏನೂ ಇಲ್ಲಮ್ಮ, ಹುಡುಗ ಬೆಳೀತಾ ಇದಾನೆ ಅಷ್ಟೇ. ಉದ್ದ ಬೆಳೆಯೋದು ನಿಂತ ಮೇಲೆ ಅಗಲ ಬೆಳೀತಾನೆ” ಎಂದರು. ನನಗೀಗ ಐವತ್ತು ದಾಟಿದೆ. ಉದ್ದ ಎಂದೋ ನಿಂತಿತು, ಅಗಲ ಇನ್ನೂ ಬಂದಿಲ್ಲ.

ಡಾಕ್ಟರ ಮಾತು ಅಪ್ಪನಿಗೆ ಸಾಕಾಯಿತು, ಚಿಕ್ಕಮ್ಮನಿಗೆ ಸಾಕಾಗಲಿಲ್ಲ. ಅದಕ್ಕೆ ಕಾರಣವಿತ್ತು. ನನ್ನನ್ನು ಹೆತ್ತ ಅಮ್ಮ ರತ್ನಮ್ಮ ನನಗೆ ಐದು ವರ್ಷವಿದ್ದಾಗ ಜ್ವರ ಬಂದು ತೀರಿಕೊಂಡಳು. ಎರಡು ವರ್ಷದ ಮೇಲೆ ಅಪ್ಪ ಘಾಟಿ ಸುಬ್ರಹ್ಮಣ್ಯದ ಕಡೆಯ ಜಯಮ್ಮನನ್ನು ಮದುವೆಯಾಗಿ ಕರೆದುಕೊಂಡು ಬಂದ. ಅವಳೇ ನನ್ನ ಚಿಕ್ಕಮ್ಮ. ಆಮೇಲೆ ಗೀತ ಹುಟ್ಟಿದಳು. ಗೀತ ಹುಟ್ಟಿದಾಗಿನಿಂದಲೂ ದುಂಡುದುಂಡಗೆ, ಕೆನ್ನೆ ಹಿಂಡಿದರೆ ಹಾಲು ಬರುವಂತಿದ್ದಳು. ಬೀದಿಯಲ್ಲಿ ನಾವು ಅಣ್ಣ ತಂಗಿ ಕೈ ಹಿಡಿದುಕೊಂಡು ಹೋಗುತ್ತಿದ್ದರೆ ಜನ ಮೊದಲು ಅವಳನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಮಲತಾಯಿಯ ಮನೆಯಲ್ಲಿ ಸ್ವಂತ ಮಗಳು ಕೊಬ್ಬಿದ್ದಾಳೆ, ಸತ್ತವಳ ಮಗ ಸೊರಗಿದ್ದಾನೆ. ಇದಕ್ಕಿಂತ ಹೆಚ್ಚಿನ ಸಾಕ್ಷಿ ಯಾರಿಗೆ ಬೇಕು? ಪಕ್ಕದ ಮನೆಯ ಗೌರಮ್ಮನಂತೂ ನೀರು ಹಿಡಿಯುವಾಗ ಎಲ್ಲರ ಮುಂದೆಯೇ ಕೇಳಿದಳು.

“ಏನ್ ಜಯಮ್ಮ, ಹುಡುಗನ್ನ ಒಣಗೋಕೆ ಹಾಕಿದ್ಯಾ ಹೆಂಗೆ? ಮೂಳೆ ಎಣಿಸ್ಬೋದಲ್ಲಮ್ಮ!”

ಚಿಕ್ಕಮ್ಮ ನಗುತ್ತಲೇ, “ತಿಂತಾನೆ ಗೌರಕ್ಕ, ಮೈಗೆ ಹತ್ತಲ್ಲ” ಎಂದಳು. ಮನೆಗೆ ಬಂದು ಬಿಂದಿಗೆ ಇಳಿಸಿ ಅಡಿಗೆಮನೆಯ ಮೂಲೆಯಲ್ಲಿ ಕುಳಿತು ಅತ್ತಳು. ನಾನು ನೋಡಿದ್ದೇನೆ. ಅಂದಿನಿಂದ ಅವಳು ಒಂದು ವಿಚಿತ್ರ ಕೆಲಸ ಶುರು ಮಾಡಿದಳು. ಮನೆಗೆ ಯಾರಾದರೂ ಬಂದಾಗ ನನ್ನ ತಟ್ಟೆಗೆ ಎರಡು ಮೊಟ್ಟೆ ಹಾಕಿ ಗೀತಳ ತಟ್ಟೆಗೆ ಒಂದನ್ನೂ ಹಾಕುತ್ತಿರಲಿಲ್ಲ. ಗೀತ ಕಾಲು ಬಡಿದು ಅತ್ತರೆ, “ನಿಂಗ್ಯಾಕೆ ಮೊಟ್ಟೆ, ಅಣ್ಣ ತಿನ್ಲಿ” ಎಂದು ಜೋರಾಗಿ, ಬಂದವರಿಗೆ ಕೇಳುವ ಹಾಗೆ ಹೇಳುತ್ತಿದ್ದಳು. ಹೆತ್ತ ಮಗಳ ಬಾಯಿಂದ ಕಿತ್ತು ನನಗೆ ಕೊಡುತ್ತಿದ್ದಾಳೆಂದು ಊರು ನೋಡಬೇಕಿತ್ತು. ನಾನು ಒಂದು ಮೊಟ್ಟೆಯನ್ನು ಜೇಬಿಗೆ ಹಾಕಿಕೊಂಡು ಕೊಟ್ಟಿಗೆಯಲ್ಲಿ ಗೀತಳಿಗೆ ಕೊಡುತ್ತಿದ್ದೆ. ಚಡ್ಡಿ ಜೇಬೆಲ್ಲ ಮೊಟ್ಟೆ ವಾಸನೆ. ಒಗೆಯುವವಳು ಚಿಕ್ಕಮ್ಮನೇ, ಅವಳಿಗೆ ಗೊತ್ತಾಗದೆ ಇರುತ್ತಿತ್ತೇ? ಒಂದು ದಿನವೂ ಕೇಳಲಿಲ್ಲ. ಈಗ ಇಬ್ಬರು ಮಕ್ಕಳ ತಾಯಿಯಾಗಿರುವ ಗೀತ, “ನೀನು ದಪ್ಪ ಆಗಿಲ್ದೇ ಇರೋದಕ್ಕೆ ನಾನು ಬೈಸ್ಕೊಂಡು ಬೆಳೆದೆ” ಎಂದು ಇವತ್ತಿಗೂ ಹಂಗಿಸುತ್ತಾಳೆ. ಅವಳು ಹೇಳುವುದರಲ್ಲಿ ತಪ್ಪಿಲ್ಲ.

ಒಂಬತ್ತನೇ ಕ್ಲಾಸಿನ ಆ ವರ್ಷ ಬೇಸಿಗೆ ರಜೆ ಮುಗಿದಾಗ ನನ್ನನ್ನು ಮನೆಗೆ ಬಿಡಲು ಅಜ್ಜಿ ಬಂದಳು. ಅಜ್ಜಿಯೆಂದರೆ ಹೆತ್ತಮ್ಮನ ತಾಯಿ, ಅನುಗೊಂಡನಹಳ್ಳಿಯವಳು. ಪ್ರತಿ ಬೇಸಿಗೆಯಲ್ಲೂ ಹದಿನೈದು ದಿನ ನಾನು ಅವಳ ಮನೆಯಲ್ಲಿ ಇದ್ದು ಬರುತ್ತಿದ್ದೆ. ಅಜ್ಜಿ ಕಡಿಮೆ ಮಾತಿನವಳು, ಆಡಿದ ಮಾತಿನಿಂದ ಹಿಂದೆ ಸರಿಯುವವಳಲ್ಲ. ಜಗುಲಿಯ ಮೇಲೆ ಕಾಲು ಚಾಚಿ ಕುಳಿತು, ಎಲೆ ಅಡಿಕೆ ಹಾಕಿಕೊಂಡು, ಅಪ್ಪನಿಗೆ ಹೇಳಿದಳು. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತುಹೋಯಿತು.

“ಅಳಿಯಂದ್ರೆ, ನಾನು ಯಾರನ್ನೂ ದೂರಾಕಿಲ್ಲ. ಮಗಳು ಹೋದ್ಲು, ಅವಳ ಗುರುತು ಅಂತ ಇವನೊಬ್ಬ ಉಳ್ದವ್ನೆ. ಹಿರಿಯರ ಹಬ್ಬಕ್ಕೆ ಬತ್ತೀನಿ. ಅಷ್ಟೊತ್ಗೆ ಮೈ ಕೈ ತುಂಬ್ಕೊಂಡಿದ್ರೆ ಸರಿ. ಇಲ್ದಿದ್ರೆ ಕರ್ಕೊಂಡ್ ಹೋಗ್ಬಿಡ್ತೀನಿ. ನಮ್ಮೂರಲ್ಲೂ ಸ್ಕೂಲ್ ಐತೆ, ಹಾಲಿಗೆ ಕರಾವು ಐತೆ.”

ಮಗಳನ್ನು ಕಳೆದುಕೊಂಡ ಹೆಂಗಸಿಗೆ ಇಲ್ಲವೆನ್ನಲು ಅಪ್ಪನಿಗೆ ಬಾಯಿ ಬರಲಿಲ್ಲ.

“ಆಯ್ತು ಅತ್ತೆ” ಎಂದ.

ನನಗೆ ಹೋಗುವ ಮನಸ್ಸಿರಲಿಲ್ಲ. ಅಜ್ಜಿಯ ಮೇಲೆ ಪ್ರೀತಿಯಿರಲಿಲ್ಲವೆಂದಲ್ಲ. ಆದರೆ ನನ್ನ ಮನೆ ಇದು. ಮಳೆ ಬಂದರೆ ಸೋರುವ ಜಾಗಕ್ಕೆ ತಪ್ಪಲೆ ಇಡುವವನು ನಾನು, ಗೀತಳಿಗೆ ಸ್ಲೇಟು ಒರೆಸಿ ಅಕ್ಷರ ಬರೆಸುವವನು ನಾನು, ಸಂಜೆ ಚಿಕ್ಕಮ್ಮ ಒಲೆಯ ಮುಂದೆ ಕುಳಿತು ಮುದ್ದೆ ತಿರುವುವಾಗ ಪಾತ್ರೆ ಅಲುಗಾಡದಂತೆ ಹಿಡಿದುಕೊಳ್ಳುವವನು ನಾನು. ಇದನ್ನೆಲ್ಲ ಬಿಟ್ಟು ಹೋಗಬೇಕಾದದ್ದು ಬರೀ ನಾಲ್ಕು ಕೇಜಿ ಕಡಿಮೆಯಿದ್ದೇನೆಂದು! ಅಂದಿನಿಂದ ನಾನೂ ಚಿಕ್ಕಮ್ಮನೂ ಒಂದೇ ಪಕ್ಷ. ಅವಳು ಕಾಲು ಸೂಪು ಕಾಯಿಸಿದಳು, ಉದ್ದಿನಹಿಟ್ಟು ಹುರಿದು ಉಂಡೆ ಕಟ್ಟಿದಳು, ಮೆಣಸಿನಕಾಯಿ ಉಪ್ಪು ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿ ಘಾಟು ಬರದಿದ್ದರೆ ದೃಷ್ಟಿಯಾಗಿದೆಯೆಂದು ಲೆಕ್ಕ. ಮನೆಮಂದಿಯೆಲ್ಲ ಕೆಮ್ಮಿ ಸಾಯುತ್ತಿದ್ದರೂ ಅವಳು, “ನೋಡು, ಏನೂ ಘಾಟೇ ಇಲ್ಲ” ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಸರ್ಪದೋಷವೇನಾದರೂ ಇರಬಹುದೆಂದು ಘಾಟಿಗೆ ಕರೆದುಕೊಂಡು ಹೋಗಿ ನಾಗರಕಲ್ಲಿಗೆ ಹಾಲೆರೆಸಿದಳು. ಬಸ್ಸಿನಲ್ಲಿ ವಾಪಸು ಬರುವಾಗ ಉಳಿದ ಹಾಲನ್ನು ನನಗೇ ಕುಡಿಸಿದಳು. ನಾನು ಬಾಯಿ ಮುಚ್ಚಿಕೊಂಡು ಎಲ್ಲ ನುಂಗಿದೆ. ಓಡುವುದನ್ನು ಬಿಟ್ಟೆ, ಕಬಡ್ಡಿ ಬಿಟ್ಟೆ. ಹಿರಿಯರ ಹಬ್ಬದ ಹಿಂದಿನ ಸೋಮವಾರ ಅಪ್ಪ ಮುಳ್ಳು ನೋಡಿ, “ನಲವತ್ತೆರಡು” ಎಂದ. ಅಷ್ಟರಲ್ಲಿ ನಾನು ಎರಡು ಇಂಚು ಬೆಳೆದಿದ್ದೆ. ಮೊದಲಿಗಿಂತ ಇನ್ನೂ ಸಣ್ಣಗೆ ಕಾಣುತ್ತಿದ್ದೆ.

ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ತೀರಿಕೊಂಡವರಿಗೆ ಎಡೆ ಇಡುತ್ತಾರೆ. ನಡುಮನೆಯಲ್ಲಿ ಕಳಶ ಇಟ್ಟು, ಹೊಸ ಬಟ್ಟೆ ಇಟ್ಟು, ಮುಂದೆ ರಂಗೋಲಿ ಹಾಕಿ, ಬಾಳೆಎಲೆಯ ತುಂಬ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಊದಿನಕಡ್ಡಿ ಹಚ್ಚಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿಬಿಡುತ್ತಾರೆ. ಒಳಗೆ ಯಾರೂ ಇರಕೂಡದು. ಹಿರಿಯರು ಬಂದು ನೆಮ್ಮದಿಯಾಗಿ ಉಂಡು ಹೋಗಲಿ ಎಂದು. ಅವರು ಉಂಡ ಮೇಲೆಯೇ ಉಳಿದವರ ಊಟ, ಅಲ್ಲಿಯವರೆಗೆ ಒಂದು ಅಗುಳನ್ನೂ ಬಾಯಿಗೆ ಹಾಕುವಂತಿಲ್ಲ. ಚಿಕ್ಕಮ್ಮನಿಗೆ ಈ ಹಬ್ಬವೆಂದರೆ ಬಲು ಹೆದರಿಕೆ. ಸವತಿಗೆ ತಾನೇ ಅಡಿಗೆ ಮಾಡಿ, ತಾನೇ ಸೀರೆ ಮಡಚಿಟ್ಟು, ತಾನೇ ಕುಂಕುಮ ಇಟ್ಟು ಕರೆಯಬೇಕು. ಒಂದು ವರ್ಷ ಬಾಗಿಲು ತೆಗೆದಾಗ ದೀಪ ಆರಿಹೋಗಿತ್ತು. “ಅಕ್ಕನಿಗೆ ನನ್ಮೇಲೆ ಸಿಟ್ಟು” ಎಂದು ಆ ವರ್ಷವೆಲ್ಲ ಕೊರಗಿದಳು. ಈ ಸಲವಂತೂ ಅಕ್ಕನ ತಾಯಿಯೇ ಬಂದು ಕೂರುವವಳು. ಮೂರು ದಿನ ಮುಂಚೆಯೇ ಅಕ್ಕಿ ನೆನೆಹಾಕಿ ಕಜ್ಜಾಯದ ಪಾಕ ತೆಗೆದಿಟ್ಟಳು, ಹಬ್ಬದ ಬೆಳಿಗ್ಗೆ ಕತ್ತಲಲ್ಲೇ ಎದ್ದಳು.

ಹನ್ನೊಂದಕ್ಕೆ ಬರಬೇಕಾದ ಅಜ್ಜಿ ಬಸ್ಸು ಸಿಗದೆ ಎರಡೂವರೆಗೆ ಬಂದಳು. ಹೊಸ್ತಿಲು ದಾಟುವ ಮುಂಚೆಯೇ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿದಳು. ಕೈಯಲ್ಲಿ ಒಂದು ಖಾಲಿ ಬಟ್ಟೆಚೀಲ ಮಡಚಿ ಹಿಡಿದಿದ್ದಳು. ನನ್ನ ಬಟ್ಟೆಗೆಂದು ತಂದದ್ದೆಂದು ಯಾರೂ ಹೇಳಬೇಕಾಗಿರಲಿಲ್ಲ. ಚಿಕ್ಕಮ್ಮ ಅದನ್ನು ನೋಡಿ ಬೆಳ್ಳಗಾದಳು. ಬೇಗ ಬೇಗ ಎಲೆ ಹಾಕಿ ಕೋಳಿಸಾರು, ಅನ್ನ, ವಡೆ, ಕೋಸಂಬರಿ, ಕಜ್ಜಾಯ ಎಲ್ಲ ಬಡಿಸಿದಳು. ಎಲ್ಲರೂ ಅಡ್ಡಬಿದ್ದೆವು. ಅಪ್ಪ ಬಾಗಿಲು ಮುಚ್ಚಿದ. ಜಗುಲಿಯ ಮೇಲೆ ಅಜ್ಜಿ ಆ ತುದಿ, ಚಿಕ್ಕಮ್ಮ ಈ ತುದಿ, ನಡುವೆ ಅಪ್ಪ.

ಅಷ್ಟರಲ್ಲಿ ಹಿತ್ತಿಲಲ್ಲಿ ಕರು ಹಗ್ಗ ಬಿಚ್ಚಿಕೊಂಡು ಮೇವಿನ ಕಡೆ ನುಗ್ಗಿತು. “ಹೋಗೋ, ಕಟ್ಟಿ ಬಾ” ಎಂದು ಅಪ್ಪ ನನ್ನನ್ನು ಕಳಿಸಿದ. ಕರು ಕಟ್ಟಿ, ತೊಟ್ಟಿಯಲ್ಲಿ ಕೈ ಕಾಲು ತೊಳೆದುಕೊಂಡೆ. ಅಡಿಗೆಮನೆಯ ಹಿಂಬಾಗಿಲು ತೆರೆದೇ ಇತ್ತು. ನೀರು ಕುಡಿಯೋಣವೆಂದು ಒಳಗೆ ಹೋದೆ. ಎರಡು ಗಂಟೆಗೊಮ್ಮೆ ಏನಾದರೂ ತಿಂದೇ ಅಭ್ಯಾಸವಾಗಿದ್ದ ಹೊಟ್ಟೆ ಬೆಳಗಿನಿಂದ ಖಾಲಿಯಿತ್ತು. ನಡುಮನೆಯಿಂದ ಕೋಳಿಸಾರಿನ ವಾಸನೆ ಬಂತು. ಅಡಿಗೆಮನೆಯಲ್ಲೇ ಪಾತ್ರೆ ತುಂಬ ಸಾರಿತ್ತು, ಅದು ನನಗೆ ಹೊಳೆಯಲೇ ಇಲ್ಲ. ಕಾಲು ನೇರವಾಗಿ ಎಲೆಯ ಮುಂದೆ ಹೋಗಿ ನಿಂತಿತು. ಒಂದು ಕಜ್ಜಾಯ ಎಂದುಕೊಂಡೆ. ಆಮೇಲೆ ವಡೆ. ಆಮೇಲೆ ಕುಕ್ಕರುಗಾಲಲ್ಲಿ ಕುಳಿತು ಸಾರು ಅನ್ನ ಕಲಸಿದೆ. ಪಾಪ ಮಾಡುತ್ತಿದ್ದೇನೆಂದು ಒಂದು ಕ್ಷಣವೂ ಅನ್ನಿಸಲಿಲ್ಲ. ನಮ್ಮಮ್ಮನ ಎಲೆ, ಚಿಕ್ಕಮ್ಮನ ಅಡಿಗೆ, ನಾನು ಉಣ್ಣದೆ ಇನ್ಯಾರು ಉಣ್ಣಬೇಕು ಎಂಬಂತೆ ನಿಶ್ಚಿಂತೆಯಾಗಿ ಉಂಡೆ. ಎಲೆಯಲ್ಲಿ ಒಂದು ಕರಿಬೇವಿನ ಎಸಳೂ ಉಳಿಯದಾದಾಗ ಎಚ್ಚರವಾಯಿತು. ಮೂಳೆಗಳನ್ನು ತಿಪ್ಪೆಗೆ ಎಸೆದು, ಬಾಯಿ ತೊಳೆದು, ಮನೆ ಸುತ್ತಿಕೊಂಡು ಬಂದು ಜಗುಲಿಯಲ್ಲಿ ಅಪ್ಪನ ಪಕ್ಕ ಕುಳಿತೆ. ಹೆದರಿಕೆ ಶುರುವಾದದ್ದು ಆಗ. ಗೊತ್ತಾದರೆ ನನಗೆ ಬೀಳುವ ಏಟಿನ ಮಾತು ಹಾಗಿರಲಿ. ಸತ್ತವರ ಎಡೆಯನ್ನು ಕದ್ದು ತಿನ್ನುವಷ್ಟು ಈ ಹುಡುಗನನ್ನು ಉಪವಾಸ ಕೆಡವಿದ್ದಾಳೆ ಎಂದು ಚಿಕ್ಕಮ್ಮನ ಹೆಸರು ಮೂರು ಹೋಬಳಿಗೆ ಹಬ್ಬುತ್ತಿತ್ತು. ಆ ಬಟ್ಟೆಚೀಲಕ್ಕೆ ನನ್ನ ಅಂಗಿಗಳನ್ನು ತುಂಬುವುದಕ್ಕೆ ಅಜ್ಜಿಗೆ ಅದಕ್ಕಿಂತ ಬೇರೆ ಕಾರಣ ಬೇಕಿರಲಿಲ್ಲ.

ಬಾಗಿಲು ತೆಗೆದದ್ದು ಅಪ್ಪ, ಮೊದಲು ಒಳಗೆ ಕಾಲಿಟ್ಟದ್ದು ಅಜ್ಜಿ. ಎರಡು ಹೆಜ್ಜೆ ಹೋದವಳು ನಿಂತುಬಿಟ್ಟಳು. ಆಮೇಲೆ “ರತ್ನಾ” ಎಂದು ಕೂಗಿ ದಬಕ್ಕನೆ ರಂಗೋಲಿಯ ಮೇಲೇ ಬೋರಲು ಬಿದ್ದಳು.

“ಬಂದಿದ್ಲು! ನನ್ಮಗಳು ಬಂದಿದ್ಲು! ಉಂಡು ಹೋಗವ್ಳೆ ನೋಡ್ರಪ್ಪ, ಎಲೆ ನೋಡ್ರಿ!”

ಅಪ್ಪ ಬೆಪ್ಪಾಗಿ ಎಲೆ ನೋಡಿದ, ಸೂರು ನೋಡಿದ. “ಬೆಕ್ಕು ಗಿಕ್ಕು ಏನಾದ್ರೂ...” ಎಂದ.

“ಬೆಕ್ಕು ಕೋಸಂಬರಿ ತಿಂತದಾ?” ಎಂದು ಅಜ್ಜಿ ಬಿದ್ದಲ್ಲಿಂದಲೇ ಗದರಿದಳು. ಎದ್ದು ಕುಳಿತು, ರಂಗೋಲಿ ಮೆತ್ತಿದ ಸೆರಗಿನಲ್ಲೇ ಕಣ್ಣೊರೆಸಿಕೊಂಡು, ಚಿಕ್ಕಮ್ಮನ ಕೈ ಹಿಡಿದು ಹತ್ತಿರ ಕೂರಿಸಿಕೊಂಡಳು. “ಜಯಾ, ನನ್ಮಗಳು ಇಷ್ಟು ವರ್ಷ ಮುಟ್ದೇ ಹೋಗೋಳು, ಈವತ್ತು ಹೊಟ್ಟೆ ತುಂಬ ಉಂಡವ್ಳೆ. ನಿನ್ನ ಕೈ ಅಡಿಗೆ ಒಪ್ಪವ್ಳೆ ಕಣವ್ವ. ಇನ್ನ ನಂದೇನೈತೆ?”

ಚಿಕ್ಕಮ್ಮ ಆ ಖಾಲಿ ಎಲೆಯನ್ನು ನೋಡುತ್ತಾ ಬಿಕ್ಕಿ ಬಿಕ್ಕಿ ಅತ್ತಳು. “ಅಕ್ಕಾ, ಬಂದ್ಯಾ” ಎಂದಳು. ನಾನು ಅವಳನ್ನು ಅಷ್ಟು ಸಂತೋಷದಲ್ಲಿ ಎಂದೂ ಕಂಡಿರಲಿಲ್ಲ. ಅವತ್ತಿನಿಂದ ಅವಳಿಗೆ ಹಬ್ಬದ ಹೆದರಿಕೆ ಹೋಯಿತು. ಬಂದವರ ಮುಂದೆ ಗೀತಳಿಗೂ ಮೊಟ್ಟೆ ಹಾಕತೊಡಗಿದಳು. ಈಗ ಎಂಬತ್ತರ ಹತ್ತಿರವಿದ್ದಾಳೆ, ಅಕ್ಕ ಬಂದು ಉಂಡುಹೋದ ಕತೆಯನ್ನು ಮೊಮ್ಮಕ್ಕಳಿಗೆ ಹೇಳುವಾಗ ಕಣ್ಣು ಮಿನುಗುತ್ತದೆ. ಕಜ್ಜಾಯದ ಸಂಖ್ಯೆ ಮಾತ್ರ ವರ್ಷ ವರ್ಷ ಏರುತ್ತಿದೆ. ನಾನು ಪಕ್ಕದಲ್ಲೇ ಕುಳಿತು ಹೂಂಗುಟ್ಟುತ್ತೇನೆ. ನಿಜ ಹೇಳದೆ ಇಷ್ಟು ವರ್ಷ ಸುಮ್ಮನಿದ್ದದ್ದಕ್ಕೆ ನನಗೆ ನಾಚಿಕೆಯಿಲ್ಲ.

ಆಮೇಲೆ ಊಟಕ್ಕೆ ಎಲೆ ಹಾಕಿದರು. ಬೆಳಗಿನಿಂದ ಉಪವಾಸವಿದ್ದವನ ಹಾಗೆ ನಾನು ಮತ್ತೊಮ್ಮೆ ಎಲ್ಲವನ್ನೂ ಉಣ್ಣಬೇಕಾಯಿತು. ಅಜ್ಜಿ ನನ್ನ ಎದುರಿಗೇ ಕುಳಿತಳು. “ಹಾಕವ್ವ, ಹುಡುಗ ಹಸ್ದವ್ನೆ” ಎಂದು ಚಿಕ್ಕಮ್ಮನ ಕೈಯಿಂದ ಇನ್ನೊಂದು ತುಂಡು, ಇನ್ನೊಂದು ವಡೆ, ಇನ್ನೆರಡು ಕಜ್ಜಾಯ ಹಾಕಿಸಿದಳು. ಬೇಡವೆನ್ನುವಂತಿಲ್ಲ. ನಾಲ್ಕನೇ ಕಜ್ಜಾಯಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಅಪ್ಪ ಅದನ್ನು ಅಮ್ಮನ ನೆನಪೆಂದು ತಿಳಿದು ಬೆನ್ನು ಸವರಿದ.

ಐದು ಗಂಟೆಯ ಬಸ್ಸಿಗೆ ಅಜ್ಜಿಯನ್ನು ಹತ್ತಿಸಲು ನಾನೊಬ್ಬನೇ ಹೋದೆ. ಬಟ್ಟೆಚೀಲದಲ್ಲಿ ಚಿಕ್ಕಮ್ಮ ತುಂಬಿಕೊಟ್ಟ ಕಜ್ಜಾಯ, ಅವರೆಕಾಳು. ಸ್ಟಾಪಿನ ಹೊಂಗೆ ಮರದ ಕೆಳಗೆ ಯಾರೂ ಇರಲಿಲ್ಲ. ಅಜ್ಜಿ ಸೆರಗಿಗೆ ಮೆತ್ತಿದ್ದ ರಂಗೋಲಿ ಹಿಟ್ಟನ್ನು ಕೊಡವುತ್ತಾ, ನನ್ನ ಕಡೆ ನೋಡದೆ ಕೇಳಿದಳು.

“ಕಾಲು ತೊಳ್ಕೊಂಡು ಒರೆಸ್ಕೋಬಾರ್ದೇನೋ?”

ನನಗೆ ಅರ್ಥವಾಗಲಿಲ್ಲ.

“ರಂಗೋಲಿ ಮೇಲೆ ಇಷ್ಟುದ್ದದ ಪಾದ. ಆ ಮನೇಲಿ ಅಂಥ ಕಾಲು ಇನ್ಯಾರಿಗೈತೆ? ಅವರು ಒಳಗೆ ಬರೋ ಮುಂಚೆ ಬಿದ್ದು ಒರೆಸಾಕ್ದೆ. ಮಂಡಿ ಚಿಪ್ಪು ಹೋಯ್ತು ನಿನ್ನಿಂದ.”

“ಅಜ್ಜಿ, ತಪ್ಪಾಯ್ತು. ಚಿಕ್ಕಮ್ಮ ಊಟ ಹಾಕ್ದೇ ಇರ್ಲಿಲ್ಲ, ನಿಜ್ವಾಗ್ಲೂ ದಿನಾ...”

“ಸುಮ್ಕಿರೋ. ನಂಗೊತ್ತು” ಎಂದಳು. ಬಸ್ಸು ದೂರದಲ್ಲಿ ಧೂಳೆಬ್ಬಿಸಿಕೊಂಡು ಬರುತ್ತಿತ್ತು. “ನಮ್ಮನೇಲಿ ಹದಿನೈದು ದಿನ ಇರ್ತೀಯಲ್ಲ, ಒಂದು ಬಾಳೆಹಣ್ಣು ಬೇಕಾದ್ರೂ ‘ಅಜ್ಜಿ, ತಗೊಳ್ಲಾ’ ಅಂತ ಕೇಳ್ತೀಯ. ನಂಟರ ಹುಡುಗನ ಹಂಗೆ. ನಂಗದು ನೋಡಿ ಸಂಕಟ ಆಗ್ತಿತ್ತು. ಇಲ್ಲಿ ಯಾರ್ನೂ ಕೇಳ್ದೆ ಸತ್ತೋರ ಎಲೇಗೇ ಕೈ ಹಾಕ್ಬಿಟ್ಟೆ. ಹೆದ್ರಿಕೆ ಇರೋ ಮಗ ಹಂಗ್ ಮಾಡ್ತಾನಾ? ನಿನ್ನ ಆ ಮನೆಯಿಂದ ಕಿತ್ಕೊಂಡು ಹೋಗಿ ನಾನೇನ್ ಮಾಡ್ಲಿ?”

ಬಸ್ಸು ನಿಂತಿತು. ಹತ್ತುವಾಗ ತಿರುಗಿ ಇನ್ನೊಂದು ಮಾತು ಹೇಳಿದಳು.

“ಜಯಂಗೆ ಹೇಳ್ಬೇಡ. ರತ್ನನೇ ಬಂದಿದ್ಲು ಅಂತ ಇರ್ಲಿ.”

ನಾನು ಮನೆಗೆ ಬಂದಾಗ ಚಿಕ್ಕಮ್ಮ ಅಡಿಗೆಮನೆಯಲ್ಲಿ ಒಬ್ಬಳೇ ಎಲೆ ಹಾಕಿಕೊಂಡು ಕುಳಿತಿದ್ದಳು. ಎಲ್ಲರಿಗೂ ಬಡಿಸಿ ಮುಗಿಸುವ ಹೊತ್ತಿಗೆ ಸಂಜೆಯಾಗಿತ್ತು. ಅಳು ನಿಂತ ಮುಖ ಇನ್ನೂ ಕೆಂಪಗಿತ್ತು.

“ಬಸ್ ಸಿಕ್ತಾ? ಅಜ್ಜಿ ಏನಾದ್ರೂ ಅಂದ್ರಾ?”

“ಮುಂದಿನ ವರ್ಷದ ಹಬ್ಬಕ್ಕೂ ಬರ್ತೀನಿ ಅಂದ್ರು.”

ಅವಳು ತನ್ನ ಎಲೆಯಲ್ಲಿದ್ದ ಒಂದೇ ಒಂದು ಕಜ್ಜಾಯವನ್ನು ಮುರಿದು, ದೊಡ್ಡ ತುಂಡನ್ನು ನನ್ನ ಕಡೆ ಚಾಚಿದಳು.

“ಬಾ, ಕೂತ್ಕೋ. ಅಷ್ಟು ದೂರ ನಡ್ಕೊಂಡು ಬಂದಿದ್ಯ, ಹಸ್ದಿರ್ತೀಯ.”

ಹೊಟ್ಟೆಯಲ್ಲಿ ಒಂದು ಸಾಸಿವೆಕಾಳಿಗೂ ಜಾಗವಿರಲಿಲ್ಲ. ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು ತಿಂದೆ.